ಸುಗ್ಗಿ ಹಬ್ಬದ ಹುಂಜಕ್ಕೆ 21,000 ರೂಪಾಯಿ: ಇದು ಭಕ್ತಿಯೋ, ದುರಾಸೆಯೋ?

ನಿಟುವಳ್ಳಿ ಓದುಗ
ದಾವಣಗೆರೆ, ಚಿತ್ರದುರ್ಗ ಕಡೆಯ ಕ್ರೈಸ್ತ ಬಂಧುಗಳಿಗೆ ವಂದನೆ. ದುರಾಸೆಗೆ ಬಿದ್ದವರು ದೇವರನ್ನು ಬಿಟ್ಟು ಹೋಗುತ್ತಾರೆ ಎಂದು ಪ್ರಸಂಗಗಳಲ್ಲಿ ಕೇಳುತ್ತಲೇ ಇರುತ್ತೇವೆ. ನಾನು ನೋಡಿದ ಮಟ್ಟಿಗೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಭಾನುವಾರ ತಪ್ಪದೆ ಬರುತ್ತಾರೆ, ಕೀರ್ತನೆ ಹಾಡುತ್ತಾರೆ, ಕಾಣಿಕೆ ಹಾಕುತ್ತಾರೆ. ಆದರೆ ಯಾರನ್ನು ನಂಬಿ ಬರುತ್ತಿದ್ದರೋ ಆ ಜಾಗದಲ್ಲಿ ಬೇರೆ ಏನೋ ಬಂದು ಕೂತಿರುತ್ತದೆ.

ಮೊದಲೆಲ್ಲ ಸಭೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ತಮಗೆ ಮಾಡಿದ್ದನ್ನು ತಿಳಿಸಲು, ಎದ್ದವರು "ಕುಡಿತ ಬಿಟ್ಟೆ", "ಅಣ್ಣತಮ್ಮಂದಿರು ರಾಜಿಯಾದೆವು" ಎನ್ನುತ್ತಿದ್ದರು. ಈಗ ಸೈಟು ರಿಜಿಸ್ಟರ್ ಆಯಿತು, ಮಗನಿಗೆ ವೀಸಾ ಬಂತು, ಕಾರು ಬಂತು, ಸ್ತೋತ್ರ. ವೀಸಾ ರಿಜೆಕ್ಟ್ ಆದವನು ಎದ್ದು ನಿಂತು ಸ್ತೋತ್ರ ಎಂದದ್ದನ್ನು ನಾನಂತೂ ಕೇಳಿಲ್ಲ. ಬಿತ್ತುವವನ ಸಾಮ್ಯದಲ್ಲಿ (ಮತ್ತಾಯ 13) ಮುಳ್ಳುಗಿಡಗಳ ನಡುವೆ ಬಿದ್ದ ಬೀಜ ಮೊಳೆಯುತ್ತದೆ, ಬೆಳೆಯುತ್ತದೆ. ಐಶ್ವರ್ಯದ ಮೋಸ ಅದನ್ನು ಅದುಮಿ ಫಲವಿಲ್ಲದಂತೆ ಮಾಡುತ್ತದೆ. ಪೈರು ನಿಂತೇ ಇರುತ್ತದೆ, ಕಾಳಿಲ್ಲ.

ಒಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ. ಸುಗ್ಗಿ ಹಬ್ಬದಲ್ಲಿ ಜನ ಸಭೆಗೆ ಕಾಣಿಕೆಯಾಗಿ ತಂದದ್ದನ್ನು ಹರಾಜು ಹಾಕುತ್ತಾರಲ್ಲ, ಈ ಸಲದ ಆ ಹರಾಜಿನಲ್ಲಿ ಒಂದು ನಾಟಿ ಹುಂಜ 21,000 ರೂಪಾಯಿಗೆ ಹೋಯಿತು. ಜಿದ್ದಿಗೆ ಬಿದ್ದು ಕೂಗಿದರು. ಗೆದ್ದವರ ಹೆಸರನ್ನು ಮೈಕಿನಲ್ಲಿ ಮತ್ತೆ ಮತ್ತೆ ಕರೆದರು, ಚಪ್ಪಾಳೆ. ಅದರ ಹಿಂದೆಯೇ ಒಬ್ಬ ಅಜ್ಜಿ ತಂದಿದ್ದ ಸೋರೆಕಾಯಿ 40 ರೂಪಾಯಿಗೆ ಹೋಯಿತು. ಅಜ್ಜಿಯ ಹೆಸರು ಯಾರೂ ಕೇಳಲಿಲ್ಲ. ಸಭೆಯ ಹೆಸರು ಹೇಳುವುದಿಲ್ಲ, ಎಲ್ಲ ಕಡೆ ಇದೇ ಕಥೆ. ಆಸೆ ನಮ್ಮ ನಂಬಿಕೆಯನ್ನು ಒಳಗಿಂದ ತಿನ್ನುತ್ತಿದೆಯೇ ಇಲ್ಲವೇ, ಹೇಳಿ.

ಆಶೀರ್ವಾದ ದಾವಣಗೆರೆ
ಪ್ರೈಸ್ ದ ಲಾರ್ಡ್. "ಕಾರು ಬಂತು, ಸ್ತೋತ್ರ" ಅಂತ ವ್ಯಂಗ್ಯ ಮಾಡಿದ್ದೀರಲ್ಲ ಬ್ರದರ್, ಕಾರು ಕೊಟ್ಟವನು ಯಾರು? ಅಬ್ರಹಾಮನು ಬೆಳ್ಳಿ ಬಂಗಾರ ದನಕರುಗಳಿಂದ ಬಹಳ ಐಶ್ವರ್ಯವಂತ, ಆದಿಕಾಂಡ 13:2 ತೆಗೆದು ನೋಡಿ. ಯೋಬನಿಗೆ ಕಳೆದದ್ದೆಲ್ಲ ಎರಡರಷ್ಟು ಬಂತು. ಐಶ್ವರ್ಯ ಗಳಿಸುವ ಸಾಮರ್ಥ್ಯ ಕೊಡುವವನು ದೇವರೇ, ಧರ್ಮೋಪದೇಶಕಾಂಡ 8:18. ನಾವು ರಾಜಾಧಿರಾಜನ ಮಕ್ಕಳು, ಹರಕು ಚಪ್ಪಲಿ ಹಾಕ್ಕೊಂಡು ಓಡಾಡಿದ್ರೆ ಯಾರಿಗೆ ಮಹಿಮೆ? ಇನ್ನೊಬ್ಬರ ಆಶೀರ್ವಾದ ನೋಡಿ ಹೊಟ್ಟೆ ಉರ್ಕೊಳ್ಳೋದಕ್ಕೂ ಸತ್ಯವೇದದಲ್ಲಿ ಒಂದು ಹೆಸರಿದೆ. ಹತ್ತನೇ ಆಜ್ಞೆ ಓದ್ಕೊಳ್ಳಿ, ಪರರದ್ದಕ್ಕೆ ಆಸೆಪಡಬೇಡ ಅಂತ.

ದುರ್ಗದ ಕಲ್ಲು
ರಾಜಾಧಿರಾಜನ ಮಗನೇ ಕತ್ತೆ ಮೇಲೆ ಬಂದಿದ್ದು ಕಣಣ್ಣ. ಅದೂ ಬೇರೆಯವರ ಕತ್ತೆ, ಕೇಳಿ ತಂದಿದ್ದು.

ಸಂಡೇಸ್ಕೂಲ್ ಟೀಚರ್
ಆಶೀರ್ವಾದ ಅವರೇ, ಧರ್ಮೋಪದೇಶಕಾಂಡ 8:18 ಹೇಳಿದಿರಿ, ಸರಿ. 17ನೇ ವಚನ ಯಾಕೆ ನುಂಗಿದಿರಿ? "ನನ್ನ ಕೈಬಲದಿಂದಲೇ ಇದೆಲ್ಲ ಆಯಿತು ಅಂದುಕೊಳ್ಳಬೇಡ" ಅನ್ನೋದು ಅಲ್ಲಿನ ಮಾತಿನ ತಾತ್ಪರ್ಯ. ಅದಕ್ಕೂ ಮೊದಲು, ಹೊಟ್ಟೆ ತುಂಬಿ ಒಳ್ಳೆ ಮನೆ ಕಟ್ಟಿ ದನಕರು ಹೆಚ್ಚಾದಾಗ ದೇವರನ್ನ ಮರೆತೀಯೆ, ಹುಷಾರು ಅಂತ ಇದೆ. ಇಡೀ ಅಧ್ಯಾಯವೇ ಎಚ್ಚರಿಕೆ. ನೀವು ಅದರಲ್ಲಿ ಒಂದು ವಚನ ಕಿತ್ಕೊಂಡು ಕಾರಿನ ಹಿಂದಿನ ಗಾಜಿಗೆ ಅಂಟಿಸಿದ್ದೀರಿ.

ಆಶೀರ್ವಾದ ದಾವಣಗೆರೆ
ನನ್ನ ಕಾರಿನ ಗಾಜಿನ ಮೇಲೆ ಏನಿದೆ ಅಂತ ನಿಮಗೆ ಹೇಗೆ ಗೊತ್ತು ಸಿಸ್ಟರ್? 3 ಯೋಹಾನ 2 ಕೂಡ ಇದೆ. ಆತ್ಮ ಅಭಿವೃದ್ಧಿಯಾದ ಹಾಗೆ ಎಲ್ಲದರಲ್ಲೂ ಅಭಿವೃದ್ಧಿಯಾಗಲಿ ಅಂತ.

ದುರ್ಗದ ಕಲ್ಲು
ಅದು ಯೋಹಾನ ಗಾಯ ಅನ್ನೋ ಗೆಳೆಯನಿಗೆ ಬರೆದ ಕಾಗದದ ಮೊದಲನೇ ಸಾಲು. ನಮ್ಮಜ್ಜನೂ ಕಾಗದ ಬರೀವಾಗ "ಇತ್ತ ಎಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ" ಅಂತಲೇ ಶುರು ಮಾಡ್ತಿದ್ದ. ಅದನ್ನ ಇಟ್ಕೊಂಡು ಬ್ಯಾಂಕಿಗೆ ಹೋದ್ರೆ ಲೋನ್ ಕೊಡ್ತಾರಾ?

ಕಮಿಟಿ ಮೆಂಬರ್
ನಿಟುವಳ್ಳಿ ಓದುಗರೇ, ಸಭೆ ಹೆಸರು ಹೇಳಲ್ಲ ಅಂದ್ರಿ, ಆದ್ರೆ ಹುಂಜ ಅಂದ ತಕ್ಷಣ ಯಾವ ಸಭೆ ಅಂತ ಎಲ್ಲರಿಗೂ ಗೊತ್ತಾಗೇತಿ. ನಾನು ಅವತ್ತು ಅಲ್ಲೇ ಇದ್ದೆ, ಚೀಟಿ ಬರೀತಿದ್ದವನೇ ನಾನು. 21,000 ಅನ್ನೋದು ಶುದ್ಧ ತಪ್ಪು ಮಾಹಿತಿ. ಹುಂಜ ಮೂರು ಸಲ ಹರಾಜಾಯ್ತು. ಮೊದಲನೆಯವರು 6,000ಕ್ಕೆ ಹಿಡಿದು ಸಭೆಗೇ ವಾಪಸ್ ಕೊಟ್ಟರು. ಎರಡನೆಯವರು 7,000, ಅವರೂ ವಾಪಸ್ ಕೊಟ್ಟರು. ಮೂರನೆಯವರು 8,000ಕ್ಕೆ ತಗೊಂಡು ಮನೆಗೆ ಒಯ್ದರು. ಕೂಡಿಸಿದ್ರೆ 21,000. ಒಬ್ಬನೇ ಮನುಷ್ಯ ಸೊಕ್ಕಿನಿಂದ 21,000 ಕೂಗಿದ ಅನ್ನೋ ಥರ ಬರೆದ್ರಲ್ಲ, ಇದು ಸುಳ್ಳು ಸಾಕ್ಷಿ ಅಲ್ವಾ? ಒಂಬತ್ತನೇ ಆಜ್ಞೆ.

ಬೆಣ್ಣೆದೋಸೆ ಪಿಬಿ ರೋಡ್
ಹತ್ತನೇ ಆಜ್ಞೆ ಆಯ್ತು, ಒಂಬತ್ತನೇದು ಆಯ್ತು. ಹಿಂಗೇ ಇಳೀತಾ ಹೋದ್ರೆ "ಕೊಲೆ ಮಾಡಬೇಡ" ಅನ್ನೋ ಆರನೇದಕ್ಕೆ ಬಂದಾಗ ಪೊಲೀಸ್ರನ್ನ ಕರೀಬೇಕಾಗುತ್ತೆ.

ನಿಟುವಳ್ಳಿ ಓದುಗ
"ಒಬ್ಬನೇ" ಎಂದು ನಾನು ಬರೆದಿಲ್ಲ. ಹುಂಜಕ್ಕೆ ಬಂದ ಹಣ ಎಷ್ಟು? 21,000. ನಾನು ಬರೆದದ್ದು ಎಷ್ಟು? 21,000. ನನ್ನ ಪ್ರಶ್ನೆ ಹುಂಜದ್ದಲ್ಲ, ದಯವಿಟ್ಟು ವಿಷಯಕ್ಕೆ ಬನ್ನಿ.

ಕಮಿಟಿ ಮೆಂಬರ್
"ಗೆದ್ದವರ ಹೆಸರು" ಅಂತ ಏಕವಾಗಿ ಬರೆದಿದ್ದೀರಿ, ಮೇಲೆ ಹೋಗಿ ನೋಡ್ರಿ. ಮೂರು ಜನ ಕೊಟ್ಟಿದ್ದು. ಆ ದುಡ್ಡಿನಲ್ಲಿ ಸಭೆ ಹಿಂದಿನ ಅಡುಗೆ ಶೆಡ್ಡಿಗೆ ತಗಡು ಹೊದಿಸಬೇಕು ಅಂತ ತೀರ್ಮಾನ ಆಗೇತಿ. ಮಳೆ ಬಂದಾಗ ಪ್ರೀತಿ ಭೋಜನದ ಸಾರಿಗೆ ನೀರು ಬೀಳ್ತದಲ್ಲ, ಅದಕ್ಕೆ. ಅದು ಯಾರ ದುರಾಸೆ ಸ್ವಾಮಿ?

ಅಡಿಕೆ ಲೆಕ್ಕ ಚನ್ನಗಿರಿ
ಮೂರು ಸಲ ಹರಾಜು ಅಂದ್ರಿ. ಮೂರೂ ದುಡ್ಡು ಜಮಾ ಆಗೇತೇನ್ರಿ? ಯಾಕೆ ಕೇಳ್ತೀನಿ ಅಂದ್ರೆ, ನಮ್ಮ ಕಡೆ ಸುಗ್ಗಿ ಹಬ್ಬದ ಬಾಕಿ ಮುಂದಿನ ಸುಗ್ಗಿ ಹಬ್ಬಕ್ಕೂ ತೀರಲ್ಲ. ಕೂಗೋವಾಗ ಗಂಟಲು ದೊಡ್ಡದು, ಕೊಡೋವಾಗ "ಅಡಿಕೆ ರೇಟು ಬಿದ್ದೈತಿ ಅಯ್ಯನವರೇ" ಅಂತ ಪಾದ್ರಿಗೆ ಹೇಳ್ತಾರೆ.

ಕಮಿಟಿ ಮೆಂಬರ್
ಅದು ಸಭೆಯ ಆಂತರಿಕ ವಿಷಯ. ಇಲ್ಲಿ ಚರ್ಚೆ ಮಾಡೋ ಅಗತ್ಯ ಇಲ್ಲ.

ದುರ್ಗದ ಕಲ್ಲು
ಅಂದ್ರೆ ಆಗಿಲ್ಲ 😂

ಹರಿಹರದ ಕಥೋಲಿಕ
ನಮ್ಮಲ್ಲಿ ಈ ಕೂಗಾಟವೇ ಇಲ್ಲ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಬಂದು ನೋಡಿ. ಎಲ್ಲೆಲ್ಲಿಂದಲೋ ನಡೆದು ಬರ್ತಾರೆ, ಹಿಂದೂಗಳೂ ಬರ್ತಾರೆ. ಮೇಣದ ಬತ್ತಿ ಹಚ್ಚಿ, ಕೈಗೆ ಬಂದಷ್ಟು ಪೆಟ್ಟಿಗೆಗೆ ಹಾಕಿ ಹೋಗ್ತಾರೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವನಿಗೂ ಗೊತ್ತಾಗಲ್ಲ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯದಿರಲಿ, ಮತ್ತಾಯ 6:3. ಆಸೆಯನ್ನು ಗೆದ್ದವರ ಪರಂಪರೆ ಬೇಕಾದರೆ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ನೋಡಿ. ಬಟ್ಟೆ ವ್ಯಾಪಾರಿಯ ಮಗ, ಉಟ್ಟ ಬಟ್ಟೆಯನ್ನೂ ಅಪ್ಪನಿಗೆ ವಾಪಸ್ ಕೊಟ್ಟು ಹೊರಟವರು.

ದುರ್ಗದ ಕಲ್ಲು
ಪೆಟ್ಟಿಗೆ ಅಂದ್ರಾ? ಪೆಟ್ಟಿಗೆಯಲ್ಲಿ ನಾಣ್ಯ ಟಣ್ ಅಂದ್ರೆ ಆತ್ಮ ಮೇಲಕ್ಕೆ ಅಂತ ಪಾಪವಿಮೋಚನಾ ಪತ್ರ ಮಾರಿದ್ದು ಯಾರಪ್ಪ? 1517ರಲ್ಲಿ ಲೂಥರ್ 95 ವಾದಗಳನ್ನ ಬರೆದಿದ್ದು ಅದರ ಮೇಲೆ, ಹುಂಜದ ಹರಾಜಿನ ಮೇಲಲ್ಲ.

ಹರಿಹರದ ಕಥೋಲಿಕ
ಐನೂರು ವರ್ಷದ ಹಳೇ ಕಥೆ ಬಿಟ್ಟರೆ ನಿಮ್ಮ ಹತ್ತಿರ ಬೇರೆ ಏನೂ ಇಲ್ಲವೇ? ನಮ್ಮ ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ 1563ರಲ್ಲೇ ಆ ದುರುಪಯೋಗವನ್ನು ಖಂಡಿಸಿತು, 1567ರಲ್ಲಿ ಪೋಪ್ ಐದನೇ ಪಯಸ್ ಹಣದ ನಂಟಿದ್ದ ಅಂಥ ವಿಮೋಚನೆಗಳನ್ನೇ ರದ್ದು ಮಾಡಿದರು. ನಾವು ತಿದ್ದಿಕೊಂಡೆವು. ನೀವು ಮೈಕ್ ಹಾಕಿಕೊಂಡು ಹುಂಜ ಮಾರುತ್ತಿದ್ದೀರಿ.

ದುರ್ಗದ ಕಲ್ಲು
ಬೆಂಚಿನ ಬೆನ್ನಿಗೆ "ಇಂಥವರ ಸ್ಮರಣಾರ್ಥ, ದಾನಿಗಳು ಇಂಥವರು" ಅಂತ ಪೇಂಟ್ ಬರೆಸೋದು ಎಡಗೈಗೆ ಕಾಣಲ್ವಾ? ಬೇಡ ಬಿಡಿ, ನಮ್ಮಲ್ಲೂ ಫ್ಯಾನಿನ ರೆಕ್ಕೆ ಮೇಲೆ ಬರೆಸ್ತಾರೆ. ಫ್ಯಾನ್ ತಿರುಗ್ತಿದ್ರೆ ಓದೋಕಾಗಲ್ಲ ಅಂತ ಆಫ್ ಮಾಡೋಕೆ ಹೇಳ್ತಾರೆ.

ಬೆಣ್ಣೆದೋಸೆ ಪಿಬಿ ರೋಡ್
ನಾನು ಹುಟ್ಟಿನಿಂದ ಲಿಂಗಾಯತ, ಓದಿದ್ದು ಮಿಷನ್ ಸ್ಕೂಲು, ಹಂಗಾಗಿ ಎರಡು ಮಾತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ತೇರು ಎಳೆಯೋಕೆ ಮುಂಚೆ ಮುಕ್ತಿ ಬಾವುಟ ಹರಾಜು ಹಾಕ್ತಾರೆ, ಲಕ್ಷಗಟ್ಟಲೆ ಹೋಗುತ್ತೆ, ಮರುದಿನ ಪೇಪರಿನಲ್ಲಿ ಫೋಟೋ. ಆ ಸ್ವಾಮಿ ಹೇಳಿದ್ದು ಮಾತ್ರ "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ". ಇನ್ನು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ದಿನಕ್ಕೆ ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚಿಗೆ ಅಕ್ಕಿ ಆಯ್ದು ತಂದ. ಆಸೆ ಅರಸರಿಗಿರಬೇಕು, ಶಿವಭಕ್ತರಿಗೆ ಉಂಟೇ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಹನ್ನೆರಡನೇ ಶತಮಾನದಲ್ಲೇ ಈ ಚರ್ಚೆ ಮುಗಿಸಿದ್ದೀವಿ. ಆಮೇಲೆ ನಾವೂ ಬಾವುಟಕ್ಕೆ ಲಕ್ಷ ಕೂಗ್ತಾ ಇದ್ದೀವಿ, ಅದು ಬೇರೆ.

ಆಶೀರ್ವಾದ ದಾವಣಗೆರೆ
ಇದು ಕ್ರೈಸ್ತರ ಚರ್ಚೆ ಬ್ರದರ್. ವಚನ ಇಲ್ಲಿ ಯಾಕೆ? ಹೆಚ್ಚಿಗೆ ಬಂದ ಅಕ್ಕಿ ಸುರಿದು ಬಾ ಅಂದ್ರೆ ನಾಳೆ ಸಭೆ ನಡೆಸೋದು ಹೇಗೆ, ಕರೆಂಟ್ ಬಿಲ್ ಕಟ್ಟೋದು ಹೇಗೆ? ಕೊಡೋ ಕೈ ತುಂಬಿರಬೇಕು. ಸುಂಕದವನಾಗಿದ್ದ ಜಕ್ಕಾಯ ಶ್ರೀಮಂತ ಆಗಿದ್ದಕ್ಕೇ ಅರ್ಧ ಆಸ್ತಿ ಬಡವರಿಗೆ ಕೊಡೋಕಾಯ್ತು.

ಸಂಡೇಸ್ಕೂಲ್ ಟೀಚರ್
ಜಕ್ಕಾಯ ಕೊಟ್ಟ, ಸರಿ. ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತಲೂ ಅಂದ, ಲೂಕ 19:8. ಆ ಭಾಗ ನಿಮ್ಮ ಸಾಕ್ಷಿ ಕೂಟದಲ್ಲಿ ಯಾರಾದರೂ ಮಾಡಿದ್ದಾರಾ? ಮಾಡಿದ್ದರೆ ನಾನೇ ಬಂದು ಸ್ತೋತ್ರ ಹೇಳ್ತೀನಿ.

ಕಮಿಟಿ ಮೆಂಬರ್
ಎಲ್ಲರೂ ಹೆಸರು ಕರೆದದ್ದೇ ಪಾಪ ಅನ್ನೋ ಹಾಗೆ ಮಾತಾಡ್ತಿದ್ದೀರಿ. ಬಾರ್ನಬ ಹೊಲ ಮಾರಿ ಹಣ ತಂದು ಅಪೊಸ್ತಲರ ಪಾದಗಳ ಬಳಿ ಇಟ್ಟ, ಅಪೊಸ್ತಲರ ಕೃತ್ಯಗಳು 4:36-37. ಗುಟ್ಟಾಗಿ ಇಟ್ಟನಾ? ಎಲ್ಲರೆದುರು ಇಟ್ಟ. ಹೆಸರು ಸತ್ಯವೇದದಲ್ಲೇ ಅಚ್ಚಾಗಿದೆ. ದಾವೀದನ ಕಾಲದಲ್ಲಿ ದೇವಾಲಯಕ್ಕೆ ನಾಯಕರು ಎಷ್ಟೆಷ್ಟು ಬಂಗಾರ ಕೊಟ್ಟರು ಅಂತ ಲೆಕ್ಕ ಸಮೇತ ಬರೆದಿದೆ, ಜನ ಅದನ್ನ ನೋಡಿ ಸಂತೋಷಪಟ್ಟರು ಅಂತಲೂ ಇದೆ, 1 ಪೂರ್ವಕಾಲವೃತ್ತಾಂತ 29. ನಮ್ಮ ಜನ ಹುಂಜ ನೋಡಿ ಚಪ್ಪಾಳೆ ತಟ್ಟಿದ್ದೂ ಸಂತೋಷಕ್ಕೇ.

ಸಂಡೇಸ್ಕೂಲ್ ಟೀಚರ್
ಬಾರ್ನಬನನ್ನ ನೀವೇ ಎಳೆದು ತಂದಿರಿ, ಈಗ ಪುಟ ತಿರುಗಿಸಿ. ಅಲ್ಲಿಗೆ 4ನೇ ಅಧ್ಯಾಯ ಮುಗಿಯುತ್ತೆ, 5ನೆಯದು ಶುರುವಾಗೋದೇ ಅನನೀಯ ಮತ್ತು ಸಫೈರಳಿಂದ. ಬಾರ್ನಬನಿಗೆ ಬಂದ ಹೆಸರು ಇವರಿಗೂ ಬೇಕಾಯ್ತು ಅಂತಲೇ ನಾನು ಓದ್ಕೊಳ್ಳೋದು. ಭೂಮಿ ಮಾರಿದರು, ಒಂದಿಷ್ಟು ಒಳಗೆ ಇಟ್ಕೊಂಡು ಇಷ್ಟೇ ಅಂತ ತೋರಿಸಿದರು. ಪೇತ್ರ ಏನು ಕೇಳಿದ? ಮಾರೋದಕ್ಕೆ ಮುಂಚೆ ಅದು ನಿನ್ನದೇ ಆಗಿತ್ತಲ್ಲ, ಮಾರಿದ ಮೇಲೂ ದುಡ್ಡು ನಿನ್ನ ಕೈಯಲ್ಲೇ ಇತ್ತಲ್ಲ ಅಂದ. ಪೂರ್ತಿ ಕೊಡಲೇಬೇಕು ಅಂತ ಯಾರೂ ಅವರ ಕುತ್ತಿಗೆ ಹಿಡಿದಿರಲಿಲ್ಲ. ಕೊಡದೇ ಇದ್ದಿದ್ದರೂ ಬದುಕ್ತಿದ್ದರು. ಕೊಟ್ಟವನ ಹೆಸರೂ ಬೇಕು, ದುಡ್ಡೂ ಉಳೀಬೇಕು ಅನ್ನೋ ಆಸೆಗೆ ಸತ್ತರು. ಹರಾಜಿನಲ್ಲಿ ಕೂಗಿ ಚಪ್ಪಾಳೆ ತಗೊಂಡು ದುಡ್ಡು ಬಾಕಿ ಇಟ್ಟವರು ಈ ಕಥೆಯಲ್ಲಿ ಎಲ್ಲಿ ನಿಲ್ತಾರೆ, ನೀವೇ ಹೇಳಿ ಅಣ್ಣಾ.

ಕಮಿಟಿ ಮೆಂಬರ್
"ಬಾಕಿ ಇಟ್ಟವರು" ಅಂತ ಯಾರಕ್ಕಾ ಹೇಳಿದ್ದು? ನಾನು ಹೇಳಿದ್ನಾ? ಚನ್ನಗಿರಿಯವರು ತಮ್ಮ ಊರಿನ ಕಥೆ ಹೇಳಿದರು, ನೀವು ಅದನ್ನ ತಂದು ನಮ್ಮ ತಲೆಗೆ ಕಟ್ತಿದ್ದೀರಿ.

ಅಡಿಕೆ ಲೆಕ್ಕ ಚನ್ನಗಿರಿ
ಹಂಗಾದ್ರೆ ಒಂದೇ ಮಾತಲ್ಲಿ ಹೇಳ್ರಿ. ಹುಂಜದ ಮೂರು ಕಂತು, 6,000, 7,000, 8,000. ಜಮಾನೋ, ಬಾಕಿನೋ?

ಕಮಿಟಿ ಮೆಂಬರ್
ಮೊದಲೆರಡು ಜಮಾ.

ದುರ್ಗದ ಕಲ್ಲು
ಅಂದ್ರೆ ಹುಂಜ ತಿಂದವನೇ ದುಡ್ಡು ಕೊಟ್ಟಿಲ್ಲ! ಹುಂಜ ಮೂರನೇ ಸಲ ಕೂಗೋದ್ರೊಳಗೆ ಗಿರಾಕಿ, ಯೇಸುವನ್ನ ಅರಿಯೆ ಅಂದ ಪೇತ್ರನ ಥರ, "ನನಗೆ ಗೊತ್ತೇ ಇಲ್ಲ" ಅಂದುಬಿಟ್ಟ.

ಬೆಣ್ಣೆದೋಸೆ ಪಿಬಿ ರೋಡ್
8,000 ರೂಪಾಯಿ ಹುಂಜದ ಸಾರು ಹೇಗಿತ್ತಂತೆ? ಮುದ್ದೆ ಜೊತೆಗಾ, ರೊಟ್ಟಿ ಜೊತೆಗಾ?

ಆಶೀರ್ವಾದ ದಾವಣಗೆರೆ
ನಗೋದಕ್ಕೂ ಒಂದು ಮಿತಿ ಇರಲಿ. ಆ ಅಣ್ಣ ನನಗೆ ಗೊತ್ತು. ದೇವರ ಕೆಲಸಕ್ಕೆ ಯಾವತ್ತೂ ಹಿಂದೆ ಮುಂದೆ ನೋಡಿದವರಲ್ಲ. ಮೆಕ್ಕೆಜೋಳ ಎಪಿಎಂಸಿಗೆ ಹಾಕಿದ್ದಾರೆ, ದುಡ್ಡು ಕೈಗೆ ಬರೋದು ತಡ ಆಗಿದೆ, ಅಷ್ಟೇ. ನಂಬಿಕೆಯಿಂದ ಕೂಗಿದ್ದಾರೆ. ಮಲಾಕಿ 3:10, ನನ್ನನ್ನು ಪರೀಕ್ಷಿಸಿ ನೋಡಿರಿ ಅಂತ ದೇವರೇ ಹೇಳಿದ್ದಾನೆ.

ಅಡಿಕೆ ಲೆಕ್ಕ ಚನ್ನಗಿರಿ
ಮಲಾಕಿಯಲ್ಲಿ ಭಂಡಾರಕ್ಕೆ ತಗೊಂಡು ಬನ್ನಿ ಅಂತ ಐತಿ. ಸಾಲ ಹೇಳಿ ಅಂತ ಇಲ್ಲ. ಇನ್ನೊಂದು ಮಾತು. ಆ ಮೆಕ್ಕೆಜೋಳ ಮುರಿದ ಹೆಣ್ಣಾಳುಗಳ ಕೂಲಿ ಆಗೇತೇನು? ನಿಮಗೆ ಆ ಅಣ್ಣ ಗೊತ್ತು ಅಂದ್ರಲ್ಲ, ಕೇಳಿ ಹೇಳ್ರಿ. ಯಾಕೋಬ 5:4, ನಿಮ್ಮ ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗ್ತಾ ಐತಿ ಅಂತ. ಹರಾಜಿನ ಕೂಗಿಗಿಂತ ಅದು ಜೋರಾಗಿ ಕೇಳುತ್ತೆ ಮೇಲೆ.

ಆಶೀರ್ವಾದ ದಾವಣಗೆರೆ
ಗೊತ್ತಿಲ್ಲದವರ ಮನೆ ಕೂಲಿ ಲೆಕ್ಕ ನೀವು ಕೇಳಬೇಡಿ. ತೀರ್ಪು ಮಾಡಬೇಡಿರಿ, ನಿಮಗೂ ತೀರ್ಪಾಗುವುದಿಲ್ಲ.

ನಿಟುವಳ್ಳಿ ಓದುಗ
ದಯವಿಟ್ಟು. ಹುಂಜ ಒಂದು ಉದಾಹರಣೆ ಮಾತ್ರ. ನಾನು ಕೇಳಿದ್ದು ಆಸೆ ನಂಬಿಕೆಯನ್ನು ಹೇಗೆ ಟೊಳ್ಳು ಮಾಡುತ್ತದೆ ಎಂದು. ಆಕಾನನನ್ನು ನೋಡಿ (ಯೆಹೋಶುವ 7). ಯಾರೂ ಮುಟ್ಟಬಾರದು ಎಂದಿದ್ದ ಯೆರಿಕೋವಿನ ಕೊಳ್ಳೆಯಲ್ಲಿ ಒಂದು ಒಳ್ಳೆಯ ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ತೆಗೆದು ಡೇರೆಯೊಳಗೆ ಹೂತಿಟ್ಟ. ಬೇರೆ ದೇವರಿಗೆ ಅಡ್ಡ ಬೀಳಲಿಲ್ಲ, ಪಾಳೆಯ ಬಿಟ್ಟು ಓಡಲಿಲ್ಲ, ಎಲ್ಲರ ಜೊತೆ ಸಾಲಿನಲ್ಲೇ ನಿಂತಿದ್ದ. ಗೇಹಜಿಯೂ ಹಾಗೆಯೇ. ಪ್ರವಾದಿ ಎಲೀಷನ ಸೇವಕನಾಗಿದ್ದುಕೊಂಡೇ, ಎಲೀಷ ಗುಣಪಡಿಸಿ ಕಾಣಿಕೆ ಬೇಡವೆಂದು ಕಳಿಸಿದ್ದ ನಾಮಾನನ ಹಿಂದೆ ಓಡಿ, ಧಣಿಯ ಹೆಸರಿನಲ್ಲಿ ಸುಳ್ಳು ಹೇಳಿ ಬೆಳ್ಳಿ, ಬಟ್ಟೆ ತಂದ. ಬಂದು ಏನೂ ಆಗದವನಂತೆ ಧಣಿಯ ಮುಂದೆ ನಿಂತ. ಲೋಕದ ಆಸೆಗೆ ಪೌಲನನ್ನು ಬಿಟ್ಟು ಹೋದ ದೇಮನಂಥವರು ಕಡಿಮೆ. ಸೇವೆಯಲ್ಲೇ ಇದ್ದು ಕೆಟ್ಟವರು ಹೆಚ್ಚು. ಇದಕ್ಕೆ ಉತ್ತರ ಹೇಳಿ.

ಹರಿಹರದ ಕಥೋಲಿಕ
ಗೇಹಜಿಗೆ ಕುಷ್ಠ ಹತ್ತಿತು, ಅದನ್ನು ಬರೆಯಲಿಲ್ಲ ನೀವು.

ನಿಟುವಳ್ಳಿ ಓದುಗ
ಎಲ್ಲರಿಗೂ ಗೊತ್ತಿರುವ ಕಥೆ ಎಂದು ಬಿಟ್ಟೆ. ಅದಲ್ಲ ವಿಷಯ.

ದುರ್ಗದ ಕಲ್ಲು
"ಸೇವೆಯಲ್ಲೇ ಇದ್ದು ಕೆಟ್ಟವರು". ಈ ಮಾತಿಗೆ ನನ್ನದೊಂದು ಐತೆ. ನಮ್ಮ ಭಾವ ಇರೋ ಊರಲ್ಲಿ ಒಬ್ಬ ಮನುಷ್ಯ, ಸಭೆಯಲ್ಲಿ ದೊಡ್ಡ ಹುದ್ದೆ. ಉಪವಾಸ ಪ್ರಾರ್ಥನೆಯಲ್ಲಿ ಅವನು ಅತ್ತರೆ ಮಿಕ್ಕವರ ಕಣ್ಣಲ್ಲೂ ನೀರು. ಮನೆ ಮನೆ ಪ್ರಾರ್ಥನೆ ಮುಗಿದ ಮೇಲೆ ಟೀ ಕುಡೀತಾ ಮೆಲ್ಲಗೆ ಶುರು ಮಾಡ್ತಿದ್ದ. ತಿಂಗಳಿಗೆ ನೂರಕ್ಕೆ ಮೂರು, ಬರೀ ವಿಶ್ವಾಸಿಗಳಿಗೆ ಮಾತ್ರ, ಹೊರಗಿನವರಿಗೆ ಹೇಳಬೇಡಿ. ಒಂದಿಷ್ಟು ತಿಂಗಳು ಬಡ್ಡಿ ಕರೆಕ್ಟಾಗಿ ಬಂತು. ಆ ಬಡ್ಡಿಯಲ್ಲೇ ದಶಮಾಂಶ ಕೊಟ್ಟರು ನಮ್ಮ ಭಾವ! ಆಮೇಲೆ ಒಂದಿನ ಮನೆಗೆ ಬೀಗ. ಹಿಂಗೆ ಸಿಕ್ಕಸಿಕ್ಕವರ ಹತ್ರ ಠೇವಣಿ ಎತ್ತೋದನ್ನ 2019ರ ಕಾನೂನಿನಲ್ಲೇ ನಿಷೇಧ ಮಾಡವ್ರೆ, ಕಂಪ್ಲೇಂಟ್ ಕೊಡಿ ಅಂದ್ರೆ "ವಿಶ್ವಾಸಿ ಮೇಲೆ ವಿಶ್ವಾಸಿ ಕೋರ್ಟಿಗೆ ಹೋಗಬಾರದು, 1 ಕೊರಿಂಥ 6" ಅಂತ ಅವನ ಕಡೆಯವರೇ ವಚನ ತೋರಿಸಿದರು. ವಚನ ಹೆಂಗೆ ಉಪಯೋಗಕ್ಕೆ ಬರುತ್ತೆ ನೋಡಿ.

ಆಶೀರ್ವಾದ ದಾವಣಗೆರೆ
ಒಬ್ಬ ಕಳ್ಳನನ್ನ ಇಟ್ಕೊಂಡು ಎಲ್ಲ ಸಭೆಗೂ ಮಸಿ ಬಳಿಯಬೇಡಿ. ತಿಂಗಳಿಗೆ ನೂರಕ್ಕೆ ಮೂರು ಅಂದಾಗ ನಿಮ್ಮ ಭಾವನವರು ಯಾಕೆ ಕೊಟ್ಟರು? ಅವರಿಗೆ ಆಸೆ ಇರಲಿಲ್ವಾ? ಬ್ಯಾಂಕಿನಲ್ಲಿ ಇಡಬಹುದಿತ್ತಲ್ಲ.

ದುರ್ಗದ ಕಲ್ಲು
ಏಯ್, ನಮ್ಮ ಭಾವನ ಸುದ್ದಿಗೆ ಬಂದ್ರೆ ಸರಿ ಇರಲ್ಲ. ಹೆಣ್ಣುಮಗಳ ಮದುವೆಗೆ ಕೂಡಿಟ್ಟ ದುಡ್ಡು ಅದು. ಸೈಟ್ ವ್ಯಾಪಾರ ಮಾಡ್ಕೊಂಡು ಪ್ರತಿ ಲೇಔಟಿಗೂ ಬೈಬಲ್ಲಿನ ಹೆಸರಿಟ್ಟು ಮಾರೋ ನಿನಗೆ ಏನು ಗೊತ್ತು ಕಷ್ಟ?

ಆಶೀರ್ವಾದ ದಾವಣಗೆರೆ
ನಿಮ್ಮ ಭಾಷೆಯೇ ನಿಮ್ಮ ಆತ್ಮಿಕ ಸ್ಥಿತಿ ತೋರಿಸ್ತಾ ಇದೆ. ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಲೇಔಟ್ ಹೆಸರು ಗ್ರಾಹಕರ ಇಷ್ಟ. ನಿಮಗಾಗಿ ಪ್ರಾರ್ಥಿಸ್ತೀನಿ.

ದುರ್ಗದ ಕಲ್ಲು
ಬೇಡಪ್ಪ. ಪ್ರಾರ್ಥನೆ ಆದ ಮೇಲೆ ಟೀ, ಟೀ ಆದ ಮೇಲೆ ಸೈಟು ಬರುತ್ತೆ.

ಸಂಡೇಸ್ಕೂಲ್ ಟೀಚರ್
ಇಬ್ಬರೂ ಸ್ವಲ್ಪ ತಣ್ಣಗಾಗಿ. ಆಶೀರ್ವಾದ ಅವರ ಪ್ರಶ್ನೆ ಕಹಿಯಾಗಿದೆ, ಕೇಳಿದ ರೀತಿ ಅದಕ್ಕಿಂತ ಕೆಟ್ಟದಾಗಿದೆ. ಆದರೂ ಒಂದು ಮಾತು. 1 ತಿಮೊಥೆ 6ರಲ್ಲಿ ಪೌಲ ಹಣದಾಸೆಯ ಬಗ್ಗೆ ಬರೆಯುವಾಗ ಐಶ್ವರ್ಯವಂತರು ಅಂತ ಶುರು ಮಾಡಲ್ಲ, ಐಶ್ವರ್ಯವಂತರಾಗಬೇಕು ಅಂತ ಮನಸ್ಸು ಮಾಡುವವರು ಅಂತ ಶುರು ಮಾಡ್ತಾನೆ, 9ನೇ ವಚನ. ಇರುವವನಿಗೂ ಇಲ್ಲದವನಿಗೂ ಒಂದೇ ಉರುಲು. ಆಮೇಲೆ 17ರಲ್ಲಿ ಇರುವವರಿಗೆ ಬೇರೆ ಮಾತು ಹೇಳ್ತಾನೆ, ಹಣವನ್ನ ನೆಚ್ಚಬೇಡಿ ಅಂತ. ಅದಕ್ಕೇ ನನಗೆ ಆಗೂರನ ಪ್ರಾರ್ಥನೆ ಇಷ್ಟ, ಜ್ಞಾನೋಕ್ತಿ 30. ಬಡತನವೂ ಬೇಡ, ಐಶ್ವರ್ಯವೂ ಬೇಡ. ಹೊಟ್ಟೆ ತುಂಬಿದರೆ ಯೆಹೋವ ಯಾರು ಅಂತೀನಿ, ಹಸಿದರೆ ಕದೀತೀನಿ. ಇಷ್ಟು ಪ್ರಾಮಾಣಿಕವಾದ ಪ್ರಾರ್ಥನೆಯನ್ನ ನಮ್ಮ ಸಭೆಯಲ್ಲಿ ಯಾರಾದರೂ ಮಾಡಿದರೆ ಮೈಕ್ ಆಫ್ ಮಾಡ್ತಾರೆ.

ಕಮಿಟಿ ಮೆಂಬರ್
ಮೈಕ್ ಯಾಕೆ ಆಫ್ ಮಾಡ್ತಾರೆ ಅಕ್ಕ? ಅವತ್ತು ನೀವು ಬೆಂಡೆಕಾಯಿ ಹರಾಜು ಕೂಗಿದ್ದು ಅದೇ ಮೈಕಿನಲ್ಲಿ.

ಸಂಡೇಸ್ಕೂಲ್ ಟೀಚರ್
ಕೂಗಿದೆ, ದುಡ್ಡೂ ಕೊಟ್ಟೆ. ಅಲ್ಲೇ, ನಗದು.

ಅಡಿಕೆ ಲೆಕ್ಕ ಚನ್ನಗಿರಿ
ನೋಡ್ರಿ, ನಾನು ಕೊಳೆರೋಗ, ಕೂಲಿ, ಗೊಬ್ಬರ ಎಲ್ಲ ಕಳೆದು ಉಳಿದದ್ದರಲ್ಲಿ ಹತ್ತರಲ್ಲೊಂದು ಕೊಡೋನು. ಬಂದದ್ದೆಲ್ಲದರಲ್ಲೂ ಕೊಡಬೇಕು ಅಂತ ಅಯ್ಯನವರ ಜೊತೆ ಜಗಳಾನೂ ಆಗೇತಿ. ಆದ್ರೆ ಕೊಡ್ತೀನಿ ಅಂದಿದ್ದನ್ನ ಕೊಡದೆ ಇದ್ದಿಲ್ಲ. ಅಜ್ಜಿ ಸೋರೆಕಾಯಿ 40 ರೂಪಾಯಿ ಅಂದ್ರಲ್ಲ, ಅದನ್ನ ತಗೊಂಡವರು ದುಡ್ಡು ಕೊಟ್ಟಾರಾ?

ಕಮಿಟಿ ಮೆಂಬರ್
ಕೊಟ್ಟಾರೆ. ಅದಕ್ಕೆ ರಸೀದಿ ಇದೆ. ಮತ್ತೆ ಅದು 40 ಅಲ್ಲ, 60.

ನಿಟುವಳ್ಳಿ ಓದುಗ
40. ನಾನು ಅಜ್ಜಿಯ ಪಕ್ಕದಲ್ಲೇ ಕೂತಿದ್ದೆ.

ಕಮಿಟಿ ಮೆಂಬರ್
ಚೀಟಿ ಬರೆದವನು ನಾನು. ಯೇಸುಸ್ವಾಮಿಯೂ ಕಾಣಿಕೆ ಪೆಟ್ಟಿಗೆಯ ಎದುರಿಗೇ ಕೂತು ಯಾರು ಎಷ್ಟು ಹಾಕ್ತಾರೆ ಅಂತ ನೋಡ್ತಿದ್ದ, ಮಾರ್ಕ 12:41. ಲೆಕ್ಕ ನೋಡೋದು ತಪ್ಪಲ್ಲ.

ಹರಿಹರದ ಕಥೋಲಿಕ
ನೋಡಿ ವಿಧವೆಯ ಎರಡು ಕಾಸನ್ನು ಮೆಚ್ಚಿಕೊಂಡ. ನೀವು ನೋಡಿ ಹುಂಜಕ್ಕೆ ಚಪ್ಪಾಳೆ ತಟ್ಟಿದಿರಿ. ಅದಕ್ಕೂ ಸ್ವಲ್ಪ ಮೊದಲಿನ ವಚನದಲ್ಲಿ ವಿಧವೆಯರ ಮನೆಗಳನ್ನು ನುಂಗುತ್ತಾ ಉದ್ದುದ್ದ ಪ್ರಾರ್ಥನೆ ಮಾಡುವವರ ವಿಷಯವಿದೆ. ದುರ್ಗದವರ ಭಾವನ ಕಥೆ ಅಲ್ಲೇ ಬರೆದಿದೆ.

ದುರ್ಗದ ಕಲ್ಲು
ಇದೊಂದು ಒಳ್ಳೆ ಮಾತು. 1517 ಹಂಗೇ ಇರಲಿ, ವಾಪಸ್ ತಗೊಳ್ಳಲ್ಲ.

ಅಡಿಕೆ ಲೆಕ್ಕ ಚನ್ನಗಿರಿ
60 ರೂಪಾಯಿ ಸೋರೆಕಾಯಿಗೆ ರಸೀದಿ ಐತಿ, 8,000 ರೂಪಾಯಿ ಹುಂಜಕ್ಕೆ ಇಲ್ಲ. ರಸೀದಿ ಪುಸ್ತಕದ ಫೋಟೋ ಹಾಕ್ರಿ ಇಲ್ಲಿ. ಹೆಸರು ಮುಚ್ಚಿ ಹಾಕ್ರಿ, ನಂಬರ್ ಕಾಣಲಿ.

ಕಮಿಟಿ ಮೆಂಬರ್
ಪುಸ್ತಕ ಖಜಾಂಚಿ ಹತ್ರ ಇದೆ. ಅವರು ಮದುವೆಗೆ ಬೆಂಗಳೂರಿಗೆ ಹೋಗಿದ್ದಾರೆ. ಬಂದ ಮೇಲೆ ನೋಡೋಣ.

ದುರ್ಗದ ಕಲ್ಲು
ಬಂದ ಮೇಲೆ ಹಾಕಲೇಬೇಕು. ನಾವು ಇಲ್ಲೇ ಇರ್ತೀವಿ.

ಕಮಿಟಿ ಮೆಂಬರ್
ದುರ್ಗದಲ್ಲಿ ಕೂತವರಿಗೆ ದಾವಣಗೆರೆ ಸಭೆ ಲೆಕ್ಕ ಯಾಕ್ರೀ?

ದುರ್ಗದ ಕಲ್ಲು
1997ರ ತನಕ ದಾವಣಗೆರೆನೂ ನಮ್ಮ ಜಿಲ್ಲೆನೇ ಕಣಣ್ಣ.

ಕಮಿಟಿ ಮೆಂಬರ್
ಹಂಗಾದ್ರೆ 1997ರ ತನಕದ ಲೆಕ್ಕ ಕೇಳ್ರಿ, ತೆಗೆದು ಕೊಡ್ತೀನಿ. ಈ ವರ್ಷದ್ದು ಬಿಡ್ರಿ.

ಅಡಿಕೆ ಲೆಕ್ಕ ಚನ್ನಗಿರಿ
ಈ ವರ್ಷದ್ದೇ ಬೇಕು. ಖಜಾಂಚಿ ಬರೋದು ಯಾವತ್ತು?